ಅಮ್ಮನ ಕೈಬರಹದ ಕೇಸು

ಅಮ್ಮನ ಅಕ್ಷರವನ್ನು ನಾನು ಬೀದಿಯಲ್ಲಿ ಮೊದಲು ನೋಡಿದ್ದು ಇಲಿ ಪಾಷಾಣದ ಜಾಹೀರಾತಿನಲ್ಲಿ. ‘ಒಂದೇ ರಾತ್ರಿ, ಮನೆ ಖಾಲಿ’ ಎಂದು ಬಸ್ಸಿನ ಬೆನ್ನಿಗೆ ಅಂಟಿಸಿದ್ದರು. ಒತ್ತಕ್ಷರ ಕಾಲು ಚಾಚಿ ಮಲಗಿದ ಹಾಗೆ ಬರೆಯುವವಳು ಅಮ್ಮ ಒಬ್ಬಳೇ. ಅವಳು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಅಪ್ಪನದು ಫಾಂಟ್ ಮಾಡುವ ಕೆಲಸ. ನಾವು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಮೂಡುವ ಅಕ್ಷರಗಳ ಆಕಾರ ಬಿಡಿಸುವುದು. ಅಮ್ಮ ಆಸ್ಪತ್ರೆ ಸೇರಿದಾಗ ಹಾಳೆ, ಪೆನ್ನು ಕೊಟ್ಟು ಅವಳ ಕೈಯಲ್ಲಿ ಅಕ್ಷರಮಾಲೆ ಬರೆಸುತ್ತಿದ್ದ.

“ನಂದು ಕಾಗೆ ಕಾಲು ಗುಬ್ಬಿ ಕಾಲು ರೀ. ಯಾರು ಓದ್ತಾರೆ ಇದನ್ನ?”

“ನಾನು ಓದ್ತೀನಲ್ಲ.”

“ನೀವು ಓದೋದು ಗೊತ್ತಿಲ್ವಾ! ಚೀಟೀಲಿ ಸೋಪು ಅಂತ ಬರೆದುಕೊಟ್ರೆ ಸೊಪ್ಪು ತಂದೋರು.”

ಒತ್ತಕ್ಷರಗಳು ಅರ್ಧಕ್ಕೆ ಬಂದಾಗ ಅಮ್ಮ ಹೋದಳು. ಮಿಕ್ಕಿದ್ದನ್ನು ಅಪ್ಪ ಅವಳು ಬರೆಯುತ್ತಿದ್ದ ಹಾಗೇ ತಾನು ಬರೆದು ತುಂಬಿಸಿದ. ಮಾಡಿದ್ದು ಆಫೀಸಿನಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ. ಅಮ್ಮ ಬರೆದದ್ದನ್ನು ಅಂದಂದೇ ಅದಕ್ಕೆ ಏರಿಸುತ್ತಿದ್ದ, ಹಾಳೆಗಳು ಮಾತ್ರ ಉಳಿಯಲಿಲ್ಲ. ಊಟದ ಹೊತ್ತಿನಲ್ಲೇ ಮಾಡಿದ್ದು ಅನ್ನುತ್ತಿದ್ದ. ಮುಂದೆ ಕೋರ್ಟಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಯಜಮಾನರು ನೋಡಿದರು, ಚೆನ್ನಾಗಿದೆ ಅಂದರು, ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟರು. ತೆಗೆಯಿರಿ ಅಂತ ಅಪ್ಪ ಬೇಡಿಕೊಂಡ. ತೆಗೆಯಲಿಲ್ಲ. ಕೆಲಸ ಬಿಟ್ಟು ಕೇಸು ಹಾಕಿದ.

ಅಮ್ಮನ ತಂಗಿ ಬಂದು ಬುದ್ಧಿ ಹೇಳಿದಳು. “ಗೆದ್ದವ ಸೋತ, ಸೋತವ ಸತ್ತ ಅಂತ ಸುಮ್ನೆ ಗಾದೆ ಮಾಡಿದ್ದಾರಾ ಭಾವ? ಬಿಟ್ಟುಬಿಡಿ.”

“ನಿಮ್ಮಕ್ಕ ಈಗ ಒಳಚಡ್ಡಿ ಜಾಹೀರಾತು ಬರೀತಿದ್ದಾಳೆ. ನೋಡ್ಕೊಂಡು ಸುಮ್ನಿರ್ಲಾ?”

ಚಿಕ್ಕಮ್ಮ ನಕ್ಕುಬಿಟ್ಟಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡಳು.

ನಮ್ಮ ವಕೀಲರಿಗೆ ಇದ್ದ ಆಸರೆ ಈಚಿನ ಒಂದು ತೀರ್ಪು. ನೌಕರ ತನ್ನ ಕೆಲಸದೊಳಗೆ ಹೊರಗಿನವರ ಕೃತಿ ಸೇರಿಸಿದ್ದರೆ ಆ ಭಾಗ ಕಂಪನಿಯದಾಗುವುದಿಲ್ಲ. ಆದರೆ ಯಾವುದು ಯಾರದು ಅಂತ ಬೇರ್ಪಡಿಸಿ ತೋರಿಸಬೇಕು. “ತೋರಿಸ್ತೀರಲ್ವಾ?” ಎಂದು ವಕೀಲರು ಕೇಳಿದರು.

“ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ ಸಾರ್,” ಅಂದ ಅಪ್ಪ.

ಕಂಪನಿ ಪರ ವಕೀಲೆ ಮೃದು ಸ್ವಭಾವದ ಹೆಂಗಸು, ಸಾಕ್ಷಿಕಟ್ಟೆ ಹತ್ತಿದ ಅಪ್ಪನಿಗೆ ನೀರು ಬೇಕೇ ಅಂತ ಕೇಳಿದಳು. ಆಮೇಲೆ ಎಲ್ಲಾ ಅಕ್ಷರ ಅಚ್ಚು ಮಾಡಿದ ಒಂದು ಹಾಳೆ ಕೊಟ್ಟಳು.

“ನಿಮ್ಮ ಹೆಂಡತಿ ಬರೆದದ್ದಕ್ಕೆ ಸುತ್ತು ಹಾಕಿ.”

ಅಪ್ಪ ಕನ್ನಡಕ ಏರಿಸಿಕೊಂಡು ಸರಸರ ಸುತ್ತು ಹಾಕುತ್ತಾ ಹೋದ. ಎಲ್ಲೂ ತಡೆಯಲಿಲ್ಲ. ಒಂದೆರಡು ಕಡೆ ಮುಗುಳ್ನಕ್ಕ ಕೂಡ. ನನಗೆ ಹೆಮ್ಮೆ ಆಯಿತು. ಗೆದ್ದೆವು ಅಂದುಕೊಂಡೆ.

ವಕೀಲೆ ಆ ಹಾಳೆಯನ್ನು ತನ್ನ ಹಾಳೆಯ ಪಕ್ಕ ಇಟ್ಟಳು. ಯಾವ ಅಕ್ಷರ ಯಾವ ದಿನ ಕಂಪ್ಯೂಟರಿಗೆ ಹೋಯಿತು ಅನ್ನುವುದು ಅದರಲ್ಲಿತ್ತು. ಅಪ್ಪ ನೋಡಿ ನಕ್ಕ ಒಂದು ಅಕ್ಷರ ಅಮ್ಮ ಸತ್ತು ಮೂರು ತಿಂಗಳ ಮೇಲೆ ಹುಟ್ಟಿದ್ದು. ಅಂಥವು ಇನ್ನೂ ಎಷ್ಟೋ ಇದ್ದವು. ಅಮ್ಮ ನಿಜವಾಗಿ ಬರೆದ ಎಷ್ಟೋ ಅಕ್ಷರಗಳಿಗೆ ಸುತ್ತೇ ಇರಲಿಲ್ಲ.

“ಆ ಹಾಳೆ ಇನ್ನೊಂದ್ಸಲ ಕೊಡ್ತೀರಾ?” ಅಂದ ಅಪ್ಪ.

ಕೊಟ್ಟರು. ಬಹಳ ಹೊತ್ತು ನೋಡಿದ. ನ್ಯಾಯಾಧೀಶರು ಅವಸರ ಮಾಡಲಿಲ್ಲ. ಕೊನೆಗೆ ಅಪ್ಪ ಪೆನ್ನಿನ ಮುಚ್ಚಳ ಹಾಕಿ, ಹಾಳೆ ವಾಪಸು ಕೊಟ್ಟು, ಸಾಕ್ಷಿಕಟ್ಟೆ ಇಳಿದು ಬಂದ. ಇನ್ನೂ ಪ್ರಶ್ನೆ ಇದೆ, ನಿಲ್ಲಿ ಅಂತ ಗುಮಾಸ್ತರು ಕೂಗಬೇಕಾಯಿತು.

ತೀರ್ಪು ಚಿಕ್ಕದು. ಮಾಡಿದವರಿಗೇ ಬೇರ್ಪಡಿಸಲಾಗದ್ದನ್ನು ಕೋರ್ಟು ಬೇರ್ಪಡಿಸಲಾರದು. ಎಲ್ಲವೂ ಸೇರಿ ಒಂದೇ ಕೃತಿ, ಅದು ಕಂಪನಿಯ ಸ್ವತ್ತು. ಅರ್ಜಿದಾರರು ತಮ್ಮಲ್ಲಿರುವ ಪ್ರತಿಯನ್ನು ಅಳಿಸತಕ್ಕದ್ದು.

“ಮೇಲಿನ ಕೋರ್ಟಿಗೆ ಹೋಗೋಣ,” ಅಂದರು ವಕೀಲರು.

“ಹೋಗಿ ಏನಂತ ಹೇಳ್ಲಿ ಸಾರ್?”

ಮನೆಗೆ ಬಂದು ಕೋರ್ಟು ಹೇಳಿದ ಹಾಗೆ ಅಳಿಸಿದ. ನಾನು ಚಹಾ ಮಾಡಲು ಅಡುಗೆಮನೆಗೆ ಹೋದೆ. ಅಪ್ಪ ಹಿಂದೆಯೇ ಬಂದು ಸಾಮಾನಿನ ಬೀರುವಿನ ಮುಂದೆ ನಿಂತ. ಡಬ್ಬಗಳ ಮೇಲೆ ಚೀಟಿಗಳಿದ್ದವು: ಸಕ್ಕರೆ, ಉಪ್ಪು, ಅಕ್ಕಿಹಿಟ್ಟು. ಕೆಲವು ಅಮ್ಮ ಪೆನ್ನಿನಲ್ಲಿ ಬರೆದು ಅಂಟಿಸಿದವು. ಹರಿದುಹೋದವುಗಳ ಬದಲು ಅಪ್ಪ ಆಮೇಲೆ ಆಫೀಸಿನಿಂದ ಅದೇ ಫಾಂಟಿನಲ್ಲಿ, ಅದೇ ನೀಲಿಯಲ್ಲಿ ಅಚ್ಚು ಮಾಡಿ ತಂದು ಅಂಟಿಸಿದ್ದ. ಎಲ್ಲದಕ್ಕೂ ಜಿಡ್ಡು ಹಿಡಿದಿತ್ತು.

“ಇದು ಯಾವುದು ಮಗಳೇ?” ಸಕ್ಕರೆ ಡಬ್ಬ ಬೆಳಕಿಗೆ ಹಿಡಿದು ಕೇಳಿದ.

“ಅಮ್ಮನದು ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ?”

ನನಗೂ ಗೊತ್ತಾಗಲಿಲ್ಲ. ಗೊತ್ತಿರುವವರ ಹಾಗೆ ಹೇಳಿಬಿಡಬೇಕಿತ್ತು.

ಅಪ್ಪ ಬೆರಳನ್ನು ನಲ್ಲಿಯ ನೀರಿಗೆ ಹಿಡಿದ. ಆಫೀಸಿನ ಅಚ್ಚು ನೀರಿಗೆ ಜಗ್ಗುವುದಿಲ್ಲ, ಪೆನ್ನಿನ ಶಾಯಿ ಕರಗುತ್ತದೆ. ಬೇಡ ಅಪ್ಪಾ ಅನ್ನುವಷ್ಟರಲ್ಲಿ ಬೆರಳು ಚೀಟಿಯ ಮೇಲೆ ಹೋಗಿತ್ತು. ‘ಸ’ ನೀಲಿಯಾಗಿ ಹರಡಿ ‘ಕ್ಕ’ದ ಮೇಲೆ ಹರಿಯಿತು.

“ಅವಳದೇ,” ಅಂದ ಅಪ್ಪ.

ಅದೇ ಒದ್ದೆ ಬೆರಳು ಉಪ್ಪಿನ ಡಬ್ಬದ ಕಡೆ ಹೋಯಿತು. ನಾನು ಬೀರುವಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.