ಎಡಭುಜದ ಸುಕ್ಕು

ಆಸ್ಪತ್ರೆಯವರು ಕೊಟ್ಟ ನಾಲ್ಕು ಹಾಳೆಯ ಬಿಲ್ಲನ್ನು ದರ್ಜಿ ತನ್ನ ಅಂಗಡಿಯ ಮೇಜಿನ ಮೇಲೆ ಹರಡಿದ. ಫ್ಯಾನಿನ ಗಾಳಿಗೆ ಹಾರದಿರಲೆಂದು ಮೇಲೆ ಕತ್ತರಿ ಇಟ್ಟು ಮೂರನೇ ಸಲ ಓದಿದ. ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದದ್ದು ಕೊನೆಯ ಸಾಲೊಂದೇ. ಕಟ್ಟಿದ್ದ ಒಂದೂವರೆ ಲಕ್ಷ ಆರೇ ದಿನಕ್ಕೆ ಮುಗಿದಿದೆ. ನಾಳೆ ಸಂಜೆ ಐದರೊಳಗೆ ಇನ್ನೈವತ್ತು ಸಾವಿರ ಕಟ್ಟದಿದ್ದರೆ ರೋಗಿಯನ್ನು ಬೇರೆಡೆಗೆ ಕರೆದೊಯ್ಯಬೇಕು. ರೋಗಿ ಎಂದರೆ ಅವನ ಹೆಂಡತಿ. ಕೋವಿಡ್ ತಗುಲಿ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದವಳಿಗೆ ಇನ್ನೂ ನಾಲ್ಕು ದಿನ ಆಕ್ಸಿಜನ್ ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಗಿಂತ ಮುಂದೆ ಅರವತ್ತು ಜನ ಕಾಯುತ್ತಿದ್ದರು.

ಸೇರಿಸಿದ ದಿನ ಅವನು ಎಡವಿದ್ದು ‘ಪ್ಯಾಕೇಜ್’ ಎಂಬ ಮಾತಿನ ಮೇಲೆ. ಪ್ಯಾಕೇಜ್ ಅವನಿಗೆ ಹೊಸದಲ್ಲ. ಶಾಲೆ ಶುರುವಾಗುವ ತಿಂಗಳು ತಾನೇ ಬೋರ್ಡು ಬರೆಸಿ ಹಾಕುತ್ತಿದ್ದ: ಎರಡು ಅಂಗಿ, ಎರಡು ಚಡ್ಡಿ, ಇಷ್ಟೇ ದುಡ್ಡು. ಅದರಲ್ಲಿ ಬಟ್ಟೆ, ದಾರ, ಗುಂಡಿ, ಕಾಜ, ಕೂಲಿ ಎಲ್ಲವೂ ಬಂತು. ಆಸ್ಪತ್ರೆಯ ಪ್ಯಾಕೇಜೂ ಹಾಗೇ ಇರಬೇಕೆಂದು ನಂಬಿ ಸಹಿ ಹಾಕಿದ್ದ. ಇಲ್ಲಿ ನೋಡಿದರೆ ಅಂಗಿ ಬೇರೆ, ಗುಂಡಿ ಬೇರೆ, ಕಾಜ ಬೇರೆ. ಹಾಸಿಗೆ ಪ್ಯಾಕೇಜಿನ ಒಳಗೆ, ಔಷಧಿ ಹೊರಗೆ. ಡಾಕ್ಟರು ಒಳಗೆ, ಅವರ ಕೈಗವಸು ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಪುಣ್ಯಾತ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವನಲ್ಲ.

ಎರಡನೇ ಹಾಳೆಯಲ್ಲಿ ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ರಕ್ಷಣಾ ಉಡುಪು, ದಿನಕ್ಕೆ ಹತ್ತು, ಒಂದಕ್ಕೆ ಒಂಬೈನೂರು. ಆರು ದಿನಕ್ಕೆ ಐವತ್ತನಾಲ್ಕು ಸಾವಿರ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆಯಿಂದ ಕಾಲಿನವರೆಗೆ ಮುಚ್ಚುವ ಆ ಬಿಳಿ ಉಡುಪನ್ನು ಅದೇ ಆಸ್ಪತ್ರೆಗೆ ಹೊಲಿದು ಕೊಡುತ್ತಿದ್ದವರು ಅವನೂ ಅವನ ಹೆಂಡತಿಯೂ. ಶಾಲೆಗಳು ಮುಚ್ಚಿ ಯೂನಿಫಾರ್ಮು ಕೇಳುವವರಿಲ್ಲದ ಆ ವರ್ಷ ಮನೆಯಲ್ಲಿ ಒಲೆ ಉರಿದದ್ದೇ ಆ ಆರ್ಡರಿನಿಂದ. ಒಂದಕ್ಕೆ ಅವರಿಗೆ ಸಿಗುತ್ತಿದ್ದುದು ನೂರ ಎಂಬತ್ತು.

ಬೆಲೆಯ ಮಾತು ಹಾಗಿರಲಿ, ಕೊಂಡ ದರಕ್ಕೇ ಮಾರುವ ವ್ಯಾಪಾರಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಒಬ್ಬಳಿಗೆ ದಿನಕ್ಕೆ ಹತ್ತು ಹೇಗೆ? ಕೌಂಟರಿನಲ್ಲಿ ಕೇಳಿದ್ದಕ್ಕೆ, ಒಬ್ಬೊಬ್ಬ ರೋಗಿಯ ಹತ್ತಿರ ಹೋಗುವಾಗಲೂ ಹೊಸ ಉಡುಪೇ ಎಂದು ಹೇಳಿ ಕಳಿಸಿದ್ದರು. ಇರಬಹುದು, ಇಲ್ಲದಿರಬಹುದು. ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಕೊಂಡವರಲ್ಲಿ ಯಾರು ಯಾರೆಂದು, ಯಾವ ಉಡುಪು ಯಾವುದೆಂದು ಗುರುತು ಹಿಡಿಯುವವರು ಯಾರು?

ಒಬ್ಬಳಿದ್ದಳು. ದರ್ಜಿ ಹೆಂಡತಿಗೆ ಮೆಸೇಜು ಕಳಿಸಿದ. ಮಾತಾಡಿದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಬೆರಳಿಗೆ ಆ ಕಷ್ಟವಿರಲಿಲ್ಲ. ದುಡ್ಡಿನ ವಿಷಯ ಅವಳಿಗೆ ಹೇಳಬಾರದೆಂದು ಆರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಈಗ ಹೇಳದೆ ಗತಿಯಿರಲಿಲ್ಲ. ಒಂದು ದಿನ ಪೂರ್ತಿ ಯಾರು ಬರುತ್ತಾರೆ, ಯಾವಾಗ ಉಡುಪು ಬದಲಾಯಿಸುತ್ತಾರೆ, ಎಣಿಸು ಎಂದ. ಮರುದಿನ ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು.

“ಬೆಳಿಗ್ಗೆ ಮೂರು ಜನ, ಮಧ್ಯಾಹ್ನ ಮೂರು, ರಾತ್ರಿ ಎರಡು. ಡಾಕ್ಟರು ಒಬ್ರು, ನೆಲ ಒರೆಸೋಳು ಒಬ್ಳು. ಒಟ್ಟು ಹತ್ತು. ಆದ್ರೆ ಎಂಟು ಹಾಸಿಗೆಗೂ ಅದೇ ಹತ್ತು. ನನ್ನ ನೋಡಿ ಹಾಗೇ ಬಾಗಿಲ ಪಕ್ಕದ ಅಜ್ಜಿ ಹತ್ರ ಹೋಗ್ತಾರೆ, ಬದಲಾಯಿಸಲ್ಲ. ನಮ್ಮ ಹೊಲಿಗೆ ನಂಗೆ ಗೊತ್ತಾಗಲ್ವಾ. ಬೆಳಗಿನ ನರ್ಸು ಹಾಕಿದ್ದು ನೀವು ಹೊಲಿದಿದ್ದು. ಎಡಭುಜ ಸುಕ್ಕು. ಎಂಟು ಹಾಸಿಗೆಗೂ ಅದೇ ಸುಕ್ಕು ಹೋಯ್ತು.”

ಇಪ್ಪತ್ತೆರಡು ವರ್ಷದಿಂದ ಅವಳು ಆಡಿಕೊಳ್ಳುತ್ತಿದ್ದ ಸುಕ್ಕು ಅದು. ಬಲಭುಜ ನೆಟ್ಟಗೆ ಕೂರಿಸುವ ಗಂಡನ ಕೈಯಲ್ಲಿ ಎಡಭುಜ ಮಾತ್ರ ಅದೇಕೋ ಮುದುಡಿಕೊಳ್ಳುತ್ತಿತ್ತು. ಗಿರಾಕಿಗಳಿಗೆ ಗೊತ್ತಾಗುತ್ತಿರಲಿಲ್ಲ, ಅವಳು ಬಿಡುತ್ತಿರಲಿಲ್ಲ. ದರ್ಜಿ ನಕ್ಕ. ನಗುತ್ತಲೇ ಕಣ್ಣು ತುಂಬಿತು. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿಯೂ ತನ್ನ ತಪ್ಪು ಹುಡುಕುವಷ್ಟು ಜೀವ ಅವಳಲ್ಲಿದೆ ಎಂದು ಅವನಿಗೆ ಮೊದಲ ಸಲ ಧೈರ್ಯ ಬಂತು.

ನಾಲ್ಕು ಗಂಟೆಗೆ ಅವನು ಲೆಕ್ಕಪತ್ರದ ಅಧಿಕಾರಿಯ ಗಾಜಿನ ಕೋಣೆಯಲ್ಲಿ ನಿಂತಿದ್ದ. ಹತ್ತು ಉಡುಪು ನಿಜ, ಆದರೆ ಅವು ಇಡೀ ವಾರ್ಡಿಗೆ ಹತ್ತು. ಎಂಟು ಜನರ ಬಿಲ್ಲಿನಲ್ಲೂ ಹತ್ತು ಹತ್ತು ಬರೆದರೆ ಎಂಬತ್ತಾಗುತ್ತದೆ ಎಂದು ವಿವರಿಸಿದ. ಅಧಿಕಾರಿ ಮೊದಲು ನಿಯಮದ ಮಾತಾಡಿದರು, ಆಮೇಲೆ ಕಂಪ್ಯೂಟರಿನ ಮಾತಾಡಿದರು. ಆಗ ದರ್ಜಿ ಚೀಲದಿಂದ ತಾನೇ ಹೊಲಿದ ಒಂದು ಬಿಳಿ ಉಡುಪು ತೆಗೆದು ಮೇಜಿನ ಮೇಲಿಟ್ಟ. ಬೆಳಗಿನ ಪಾಳಿಯವರು ಬಿಚ್ಚಿದ್ದನ್ನು ಕಸಕ್ಕೆ ಹಾಕಿರುತ್ತೀರಿ, ಎಣಿಸಿ ನೋಡಿ, ಮೂರೇ ಇರುತ್ತವೆ, ಒಂದರ ಎಡಭುಜ ಹೀಗೇ ಇರುತ್ತದೆ ಎಂದ. ಸೋಂಕಿನ ಕಸ ಕೆದಕಲು ಅಧಿಕಾರಿ ಎದ್ದು ಹೋಗಲಿಲ್ಲ. ಅವರು ಬಾಗಿಲು ಮುಚ್ಚಿ ಬಂದು ಕೂತರು.

“ನಿಮ್ಮದೊಂದು ಸರಿ ಮಾಡ್ತೀನಿ. ನಲವತ್ತೇಳು ಸಾವಿರದ ಚಿಲ್ಲರೆ ವಾಪಸ್ ಜಮಾ ಆಗುತ್ತೆ. ನಾಲ್ಕು ದಿನ ನಿಮ್ಮವರು ಇಲ್ಲೇ ಇರ್ಲಿ. ಆದ್ರೆ ಹೊರಗೆ ಬಾಯಿ ಬಿಡಬೇಡಿ. ಮುಂದಿನ ತಿಂಗಳ ಆರ್ಡರೂ ನಿಮಗೇ ಅಲ್ವಾ?”

ದರ್ಜಿ ತಲೆಯಾಡಿಸಿದ. ಹೆಂಡತಿ ಉಳಿದಳು, ಕೆಲಸವೂ ಉಳಿಯಿತು. ಮಿಕ್ಕಿದ್ದು ಊರ ಉಸಾಬರಿ ಎಂದುಕೊಂಡು ಉಡುಪನ್ನು ಚೀಲಕ್ಕೆ ಸೇರಿಸಿ, ತಿದ್ದಿದ ಬಿಲ್ಲನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದ.

ಹೊರಗಿನ ಬೆಂಚಿನ ಮೇಲೆ ಬಾಗಿಲ ಪಕ್ಕದ ಅಜ್ಜಿಯ ಮಗ ಕೂತಿದ್ದ. ಅವನು ಬಸ್ಸಿನ ಡ್ರೈವರು, ಬಸ್ಸುಗಳೆಲ್ಲ ನಿಂತು ಮೂರು ತಿಂಗಳಾಗಿತ್ತು. ಅವನ ತೊಡೆಯ ಮೇಲೂ ನಾಲ್ಕು ಹಾಳೆ. ಐದರೊಳಗೆ ಕಟ್ಟಲು ದುಡ್ಡಿಲ್ಲ, ಅಮ್ಮನನ್ನು ಸಂಜೆ ಮನೆಗೆ ಕರೆದುಕೊಂಡು ಹೋಗುತ್ತೇನೆ, ಏನಾಗುತ್ತೋ ಆಗಲಿ, ಎಂದು ದರ್ಜಿಯ ಮುಖ ನೋಡದೆ ಹೇಳಿದ. ಆಮೇಲೆ, ಇದರಲ್ಲಿ ಏನು ಬರೆದಿದ್ದಾರೆ ಅಂತ ನಿಮಗೇನಾದರೂ ಅರ್ಥವಾಯಿತೇ ಎಂದು ಕೇಳಿದ. ದರ್ಜಿ, ನಮಗೆಲ್ಲಿ ಅರ್ಥವಾಗುತ್ತೆ ಎಂದುಬಿಟ್ಟ.

ಗೇಟಿನ ಹತ್ತಿರ ಬಂದಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿಯ ಮೆಸೇಜು: “ಅಜ್ಜಿ ಮಗನಿಗೂ ಹೇಳಿದ್ರಾ?”

ಹೇಳಿದರೆ ಆರ್ಡರ್ ಹೋಗುತ್ತದೆ ಎಂದು ಅವನು ಬರೆದ. ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕಿಕೊಂಡಂತೆ ಎಂದೂ ಸೇರಿಸಿದ. ಉತ್ತರ ಬರಲು ತುಂಬ ಹೊತ್ತಾಯಿತು. ಅಷ್ಟು ಹೊತ್ತೂ ಅವನು ಗೇಟು ದಾಟದೆ, ಹಿಂದಕ್ಕೂ ಹೋಗದೆ, ಕಾವಲುಗಾರ ಗದರಿದರೂ ಅಲ್ಲೇ ನಿಂತಿದ್ದ.

“ಆರ್ಡರ್ ಹೋದ್ರೆ ಹೋಗ್ಲಿ ಬಿಡಿ. ಅಜ್ಜಿ ಬೆಳಿಗ್ಗೆಯಿಂದ ಮನೆಗೆ ಹೋಗ್ತೀನಿ ಅಂತ ಖುಷಿಯಾಗಿದ್ದಾಳೆ. ಆಕ್ಸಿಜನ್ ತೆಗೆದ್ರೆ ಬಾಗಿಲು ದಾಟಲ್ಲ ಅವಳು. ನೀವು ನೋಡಿಲ್ಲ, ನಾನು ನೋಡ್ತಾ ಇದ್ದೀನಿ.”

ಕಾವಲುಗಾರನ ಕೋಣೆಯ ಗೋಡೆ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ ಇತ್ತು. ದರ್ಜಿ ಹಿಂದಿರುಗಿ ಬಂದು, ನಡುವೆ ಒಂದಾಳು ಜಾಗ ಬಿಟ್ಟು ಬೆಂಚಿನ ಮೇಲೆ ಕೂತ. ಚೀಲದಿಂದ ಆ ಬಿಳಿ ಉಡುಪನ್ನು ತೆಗೆದು, ಎಡಭುಜ ಮೇಲೆ ಬರುವಂತೆ ತೊಡೆಯ ಮೇಲೆ ಹರಡಿಕೊಂಡ.

“ಎರಡನೇ ಹಾಳೆ ತೆಗೀರಿ,” ಎಂದ.