ಕಾಡಿನ ಪರದೆಗೆ ನೀರು

ಊರಿಗೆಲ್ಲ ರೋಗ ಬಂದು ನಾಟಕಮಂದಿರಕ್ಕೆ ಬೀಗ ಬಿದ್ದ ವಾರವೇ ಕಾರ್ಯದರ್ಶಿ ನಮ್ಮಪ್ಪನನ್ನು ಕೆಲಸದಿಂದ ತೆಗೆದ. ಆಟವೇ ಇಲ್ಲದಾಗ ಪರದೆ ಬರೆಯುವವನು ಯಾಕೆ ಅಂದನಂತೆ. ಅಂದಿನಿಂದ ಅಪ್ಪ ಕಂಡವರ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದ, ಜೊತೆಗೆ ನಾನು.

ಈಗ ಅದೇ ಮನುಷ್ಯ ಫೋನ್ ಮಾಡಿ, "ಬನ್ನಿ ಯಜಮಾನ್ರೇ, ನಿಮ್ಮ ಕೆಲಸ ನಿಮಗೇ" ಎಂದ. ಇಷ್ಟು ಬೆಣ್ಣೆ ಯಾಕೆ ಅಂತ ವಿಚಾರಿಸಿದರೆ, ಸರ್ಕಾರ ಕಲಾಸಂಸ್ಥೆಗಳಿಗೆ ನೆರವು ಕೊಡುತ್ತದಂತೆ. ಕಷ್ಟಕಾಲದಲ್ಲೂ ಕೆಲಸದವರನ್ನು ಕೈಬಿಡದವರಿಗೆ ಮಾತ್ರ. ನೋಡಲು ಅಧಿಕಾರಿ ಬರುತ್ತಾನೆ. ಅಪ್ಪ ಗಡ್ಡ ಬೋಳಿಸಿಕೊಂಡು ಹೊರಟ, ಹಿಂದೆ ನಾನು. ಅವನಿಗೆ ಆ ಕೆಲಸ ಒಂದು ಸಿಕ್ಕರೆ ಸಾಕಿತ್ತು.

ವೇದಿಕೆಯಲ್ಲಿ ಅಪ್ಪನೇ ಬರೆದ ಕಾಡಿನ ಪರದೆ ಇಳಿಬಿಟ್ಟಿದ್ದರು. ಕಾರ್ಯದರ್ಶಿ ಒಂದು ಬಕೆಟ್ ನೀರು ತಂದಿಟ್ಟ.

"ಬಣ್ಣ ಎಲ್ಲಿ?" ಅಪ್ಪ ಕೇಳಿದ.

"ಬಣ್ಣ ಯಾಕ್ರೀ? ಕುಂಚ ಅದ್ದಿ ಹಾಗೇ ಆಡಿಸ್ತಾ ಇರಿ. ಸಾಹೇಬ್ರು ಫೋಟೋ ತಗೊಂಡು ಹೋಗ್ತಾರೆ, ಅಷ್ಟೇ."

"ಸ್ವಾಮಿ, ಇದು ಅಂಟು ಬೆರೆಸಿದ ಪುಡಿಬಣ್ಣ. ನೀರು ತಾಗಿದ್ರೆ ಇಳಿದುಹೋಗುತ್ತೆ. ಒಣ ಕುಂಚ ಹಿಡೀಲಾ?"

"ಒಣ ಕುಂಚ ಫೋಟೋದಲ್ಲಿ ಗೊತ್ತಾಗುತ್ತೆ ಕಣ್ರೀ. ಒಂದು ಮರ ಹೋದ್ರೆ ಕಾಡೇನು ಬರಿದಾಗುತ್ತಾ?" ತನ್ನ ಮಾತಿಗೆ ತಾನೇ ನಕ್ಕ. "ಕೆಲಸ ಬೇಕೋ ಬೇಡ್ವೋ?"

ಅಪ್ಪ ಅದ್ದಿದ. ಅಂಚಿನ ಮರಕ್ಕೆ ಮೆಲ್ಲಗೆ ತಾಗಿಸಿದ. ಎಲೆ ಕಾಂಡಕ್ಕೆ ಇಳಿಯಿತು, ಕಾಂಡ ಅದರಡಿ ಬರೆದಿದ್ದ ಕೆರೆಗೆ. ಅಧಿಕಾರಿ ಬರುವ ಹೊತ್ತಿಗೆ ಅಪ್ಪನ ಮೊಣಕೈವರೆಗೂ ಹಸಿರು ರಾಡಿ.

"ಚೆನ್ನಾಗಿದೆ. ಹೊಸದಾ?" ಅಂದ ಅಧಿಕಾರಿ.

"ಬರೀತಾ ಇದ್ದಾರೆ ಸಾರ್. ಒಂದು ದಿನವೂ ಇವರನ್ನ ಬಿಟ್ಟಿಲ್ಲ. ನಮ್ಮ ಮನೆಯವರ ಹಾಗೆ."

ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದೂ ಅದೇ.

"ಮನೆಯವರನ್ನ ಹೀಗೇನಾ ಹೊರಗೆ ಹಾಕೋದು? ನಿನ್ನೆ ತನಕ ಗೋಡೆಗೆ ಸುಣ್ಣ ಬಳೀತಿದ್ರು ಸಾರ್. ಪರದೆ ಮುಟ್ಟಿ ನೋಡಿ. ಬರೀತಿಲ್ಲ, ಅಳಿಸ್ತಿದ್ದಾರೆ."

ಕಾರ್ಯದರ್ಶಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಅಧಿಕಾರಿ ಪರದೆ ಮುಟ್ಟಲಿಲ್ಲ. ಅಪ್ಪನ ಕಡೆ ತಿರುಗಿದ.

"ಏನಪ್ಪಾ, ಹೌದಾ?"

ಅಪ್ಪ ಕುಂಚವನ್ನು ಬಕೆಟ್ಟಿನ ಅಂಚಿಗೆ ಒತ್ತಿ ಹಿಂಡಿದ.

"ಇಲ್ಲ ಸಾರ್. ನಾನು ಇಲ್ಲೇ ಇದ್ದೆ. ಇವನು ನನ್ನ ಮಗ. ತಲೆ ಸರಿ ಇಲ್ಲ."

ಫೋಟೋ ತೆಗೆದರು. ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಹಾಕಿ, ನೆಂಟನನ್ನು ಬೀಳ್ಕೊಡುವ ಹಾಗೆ ನಗುನಗುತ್ತಾ ಹೊರಗೆ ತಂದುಬಿಟ್ಟ. "ನಿಮ್ಮಪ್ಪನಿಗಿರೋ ಬುದ್ಧಿ ನಿನಗೆ ಯಾವಾಗಪ್ಪಾ ಬರೋದು" ಅಂದ.

ನೆರವು ಬಂತು. ಮುಂದಿನ ಹಜಾರಕ್ಕೆ ಸೋಫಾ ಬಂತು. ಕಾಡು ಹಾಳಾಗಿದೆಯಲ್ಲ, ಅಚ್ಚು ಹಾಕಿಸಿದ ಫ್ಲೆಕ್ಸ್ ಬಂತು. ಅಪ್ಪನ ಕೆಲಸವೂ ಬಂತು ಅನ್ನಿ: ಸೋಫಾ ಒರೆಸುವುದು.

ಮೊದಲ ಸಂಬಳದಲ್ಲಿ ಅಪ್ಪ ನನಗೊಂದು ಅಂಗಿ ತಂದ. "ಹಾಕ್ಕೊಳೋ, ಅಪ್ಪನ ಮೇಲೆ ಎಂಥ ಸಿಟ್ಟೋ ನಿಂದು" ಅಂತ ಅಮ್ಮ ದಿನಾ ಅದನ್ನು ಮಂಚದ ಮೇಲಿಡುತ್ತಾಳೆ. ನಾನು ದಿನಾ ಕೆಳಗೆ ತಳ್ಳುತ್ತೇನೆ. ಅಪ್ಪ ಬಂದು ಎತ್ತಿ ಮಡಿಚಿಡುತ್ತಾನೆ.