ರಂಪಿಗೆ ಸಿಗದ ಅಜ್ಜಿ

ರಂಪಿ ಅಂದರೆ ಹೊಳೆನರಸೀಪುರದ ಮಕ್ಕಳಿಗೆ ಪ್ರಾಣ. ಚಿತ್ರಕತೆಯ ಹುಡುಗಿ ಅವಳು. ಮುಟ್ಟಿದ್ದೆಲ್ಲ ತಲೆಕೆಳಗಾಗಬೇಕು, ಅದೇ ಅವಳ ಶಕ್ತಿ. ಬಸ್ಸು ಮುಟ್ಟಿದರೆ ಅರಕಲಗೂಡಿನವರೆಗೂ ಹಿಂದುಹಿಂದಕ್ಕೆ ಓಡುತ್ತದೆ, ತಕ್ಕಡಿ ಮುಟ್ಟಿದರೆ ತೆಂಗಿನಕಾಯಿ ಆಕಾಶಕ್ಕೆ ಹಾರುತ್ತದೆ. ಡ್ರಾಯಿಂಗ್ ಮೇಷ್ಟ್ರು ಗಿರಿಧರ ಮಕ್ಕಳ ಮಾಸಪತ್ರಿಕೆಗೆ ಅವಳನ್ನು ಬರೆದದ್ದು ಖಳನಾಯಕಿ ಅಂತ. ಅವಳನ್ನು ಹಿಡಿಯಲು ಶಿಸ್ತುವೀರ ಎಂಬ ನಾಯಕನೂ ಇದ್ದ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, "ದೂರ ನಿಲ್ಲು" ಅನ್ನುವುದೊಂದೇ ಮಾತು. ಮಕ್ಕಳು ಅವನನ್ನು ಕ್ಯಾರೇ ಅನ್ನಲಿಲ್ಲ. ಪಾಪ, ಅವನು ಮೂಲೆಗೆ ಬಿದ್ದ, ರಂಪಿ ಕತೆಯ ಒಡತಿಯಾದಳು. ಬುದ್ಧಿಯೇನೂ ಬರಲಿಲ್ಲ, ರಂಪ ಮಾತ್ರ ಈಗ ಮೋಸಗಾರರ ಮನೆ ಮುಂದೆ ನಡೆಯುತ್ತಿತ್ತು. ಹಾಸನದ ಆಟೋಗಳ ಮೇಲೂ ಅವಳದೇ ಸ್ಟಿಕ್ಕರ್.

ರಂಪಿ ಯಾರೆಂದು ಗಿರಿಧರನ ತಾಯಿ ಶ್ರೀರಂಗಮ್ಮನವರಿಗೆ ಮೊದಲ ಸಂಚಿಕೆಯಲ್ಲೇ ತಿಳಿದಿತ್ತು. ಒಂದು ಜಡೆ ಕಟ್ಟಿ, ಇನ್ನೊಂದು ಬಿಚ್ಚಿಕೊಂಡು ತಿರುಗುತ್ತಿದ್ದವಳು ಮೊಮ್ಮಗಳು, ಗಿರಿಧರನ ಮಗಳು ಹಂಸ. ತಾಯಿಯಿಲ್ಲದ ಮಗು, ಅಜ್ಜಿಯ ಸೆರಗಿನಲ್ಲೇ ಬೆಳೆದದ್ದು. ಅಜ್ಜಿ ಮಿಂದು ಮಡಿಯುಟ್ಟು ಒಲೆ ಮುಂದೆ ಕೂತರೆ ಸಾಕು, "ಅಜ್ಜಿ, ಹೊಟ್ಟೆನೋವು" ಎಂದು ಮುಖ ಸಣ್ಣಗೆ ಮಾಡಿಕೊಂಡು ಹತ್ತಿರ ಬಂದು ಮುಟ್ಟಿ ಓಡಿಬಿಡುವಳು. ಮಡಿ ಕೆಟ್ಟಿತು, ಅಜ್ಜಿಗೆ ಮತ್ತೆ ಸ್ನಾನ.

ತಾತನ ತಿಥಿಯ ದಿನವೂ ಬಂದಳು, ಎರಡೂ ಕೈ ಚಾಚಿಕೊಂಡು. "ಅಜ್ಜಿ, ಚಳಿ ಆಗ್ತಿದೆ, ಎತ್ಕೋ."

"ನಿನ್ನ ನಾಟಕ ನಂಗೊತ್ತಿಲ್ವಾ? ದೂರ ಹೋಗೇ" ಎಂದರು ಶ್ರೀರಂಗಮ್ಮ. ಪಿಂಡ ಇಟ್ಟು, ಬ್ರಾಹ್ಮಣರ ಊಟ ಮುಗಿಯುವವರೆಗೂ ಮಗು ಪಡಸಾಲೆಯ ಮೂಲೆಯಲ್ಲಿ ಜ್ವರದಲ್ಲಿ ಸುಡುತ್ತಾ ಮಲಗಿತ್ತು. ಸಂಜೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಂಸ ಮನೆಗೆ ವಾಪಸು ಬರಲಿಲ್ಲ.

ಅವಳು ಹೋದ ಮೇಲೆ ಶುರುವಾದ ಗಿರಿಧರನ ಕತೆಯಲ್ಲಿ ಒಬ್ಬ ಮಡಿ ಅಜ್ಜಿಯೂ ಇದ್ದಳು. ಪ್ರತಿ ಸಂಚಿಕೆಯಲ್ಲೂ ರಂಪಿ ಕೈ ಚಾಚುವಳು, ಅಜ್ಜಿ ಸೀರೆ ಎತ್ತಿಕೊಂಡು ಓಡುವಳು. ಊರಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶ್ರೀರಂಗಮ್ಮನವರ ಕರುಳಿಗೆ ಚುಚ್ಚುತ್ತಿತ್ತು. ಮಗ ತಮಾಷೆಗೆ ಬರೆಯುತ್ತಾನೋ, ಸಿಟ್ಟಿಗೆ ಬರೆಯುತ್ತಾನೋ, ಕೇಳುವ ಧೈರ್ಯ ಇರಲಿಲ್ಲ.

ಅವತ್ತು ಹಾಲು ಹಾಕಲು ಬಂದ ಮಾದಮ್ಮ ಹೇಳಿದಳು: "ನಮ್ ಹುಡ್ಗಿ ಸಿಂಧು ಕೇಳ್ತಾವ್ಳೆ ಕಣವ್ವ, ಕತೇಲಿ ಆ ಅಜ್ಜಿ ಯಾಕಂಗೆ ಓಡೋಯ್ತದೆ? ಒಂದ್ಸಲ ಎತ್ಕಂಡ್ರೆ ಏನಾದದು ಅಂತ."

ಶ್ರೀರಂಗಮ್ಮ ಆಗಷ್ಟೇ ಮಿಂದು ಮಡಿಯುಟ್ಟಿದ್ದರು. ದೇವರ ಮನೆಗೆ ಹೋಗಬೇಕಾದವರು ಮಗನ ಮೇಜಿನ ಹತ್ತಿರ ಹೋದರು. ಅವನು ರಂಪಿಯ ಚಾಚಿದ ಕೈಗೆ ಮಸಿ ತುಂಬುತ್ತಿದ್ದ.

"ಗಿರಿ, ಈ ಸಲ ಅಜ್ಜಿ ಓಡೋದು ಬೇಡ ಕಣೋ."

ಗಿರಿಧರ ಕುಂಚವನ್ನು ಮತ್ತೆ ಮಸಿಗೆ ಅದ್ದಿದ.

"ನನ್ನ ಮೇಲಿನ ಸಿಟ್ಟಿಗೆ ಬರೀತೀಯ, ಅಲ್ವಾ?"

"ನಿನ್ನ ಮೇಲೆ ಏನು ಸಿಟ್ಟಮ್ಮ?" ಅವನು ಕುಂಚ ಕೆಳಗಿಟ್ಟ. "ಅವತ್ತು ಕರ್ಮಕ್ಕೆ ಕೂತಿದ್ದ ನಾನೂ ಮಡಿಯಲ್ಲೇ ಇದ್ದೆ. ನೀನು ಬೈದ ಮೇಲೆ ನನ್ನ ಹತ್ರ ಬಂದ್ಲು. ದೂರ ನಿಲ್ಲು ಅಂದೆ. ಶಿಸ್ತುವೀರ ಅಂದ್ರೆ ಯಾರು ಅಂದ್ಕೊಂಡಿದ್ದೆ?"

ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ದುಃಖವನ್ನು ಮಗನೂ ಪಕ್ಕದ ಕೋಣೆಯಲ್ಲೇ ಹೊತ್ತು ಕೂತಿದ್ದ. ಶ್ರೀರಂಗಮ್ಮನವರಿಗೆ ಅಳು ತಡೆಯಲಾಗಲಿಲ್ಲ. ಅವರು ಚಿತ್ರದಲ್ಲಿ ರಂಪಿ ಚಾಚಿದ್ದ ಕೈಯ ಕಡೆಗೆ ಕೈ ಮುಂದೆ ಮಾಡಿದರು.

"ಮುಟ್ಟಬೇಡಮ್ಮ, ಮಡಿಯಲ್ಲಿದ್ದೀಯ. ಮಸಿ ಇನ್ನೂ ಹಸಿ."

ಅವರು ಆ ಪುಟ್ಟ ಕೈಯ ಮೇಲೆ ತಮ್ಮ ಅಂಗೈಯನ್ನು ಊರಿದರು. ಬಹಳ ಹೊತ್ತು ತೆಗೆಯಲಿಲ್ಲ. ಕಾಗದ ತಣ್ಣಗಿತ್ತು.

ಅವತ್ತು ಅವರು ಮತ್ತೆ ಸ್ನಾನಕ್ಕೆ ಹೋಗಲಿಲ್ಲ. ಮಸಿ ಹತ್ತಿದ ಕೈಯಲ್ಲೇ ದೇವರಿಗೆ ದೀಪ ಹಚ್ಚಿದರು.